ಪದಚರ್ಚೆ: ‘ಕನಿಷ್ಠ ಪಾರ್ಕಿಂಗ್’ ಅಂದರೆ ನಿಮಗೇನು ಅರ್ಥವಾಗುತ್ತದೆ?

ಗೆಳೆಯರೇ, ನಮಸ್ಕಾರ.

ಪುಣೆಯ ನಮ್ಮ ಕನ್ನಡ ಬಳಗದ ಪತ್ರಿಕೆಗೆ ಪಾರ್ಕಿಂಗ್ ನಿಯಮಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಮಿನಿಮಮ್ ಪಾರ್ಕಿಂಗ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳೋಣ?

ವಿಷಯ ಇಷ್ಟೇ. ಹೊಸ ಬಿಲ್ಡಿಂಗ್ ಕಟ್ಟುವಾಗ ಇಂತಿಷ್ಟು ಫ್ಲ್ಯಾಟಿಗೆ ಇಂತಿಷ್ಟು ಕಾರು, ಇಂತಿಷ್ಟು ಟೂವ್ಹೀಲರ್ ನಿಲ್ಲುವಷ್ಟು ಜಾಗ ಬಿಡಲೇಬೇಕು ಅಂತ ಕಟ್ಟಡ ನಿಯಮ ಹೇಳುತ್ತದೆ. ಜಾಸ್ತಿ ಬಿಟ್ಟರೆ ತೊಂದರೆ ಇಲ್ಲ, ಕಡಿಮೆ ಬಿಡುವಂತಿಲ್ಲ. ‘ಕನಿಷ್ಠ ಪಾರ್ಕಿಂಗ್’ ಅಂತ ಬರೆದು ನಮ್ಮ ಮನೆಯವರಿಗೆ ತೋರಿಸಿದೆ. “ಒಳ್ಳೇದೇ ಆಯ್ತಲ್ಲ, ಕಾರು ಕಡಿಮೆಯಾಗಲಿ” ಅಂದರು. ಪೂರಾ ಉಲ್ಟಾ! ‘ಕಡ್ಡಾಯ ಪಾರ್ಕಿಂಗ್’ ಅಂದರೆ ಎಲ್ಲರೂ ಅಲ್ಲೇ ಗಾಡಿ ನಿಲ್ಲಿಸಬೇಕು ಅನ್ನುವ ಹಾಗಿದೆ. ಕಡ್ಡಾಯ ಇರುವುದು ಬಿಲ್ಡರಿಗೆ, ದುಡ್ಡು ಹೋಗುವುದು ಫ್ಲ್ಯಾಟ್ ಕೊಂಡವರದು. ಕಾರಿಲ್ಲದವರ ಫ್ಲ್ಯಾಟಿನ ಬೆಲೆಯಲ್ಲೂ ಆ ಖರ್ಚು ಸೇರಿಕೊಳ್ಳುತ್ತದೆ. ನನ್ನ ಲೇಖನದ ತಕರಾರೇ ಅದು. 2017ರಲ್ಲಿ ಮೆಕ್ಸಿಕೊ ಸಿಟಿ ಈ ನಿಯಮವನ್ನು ತಿರುಗಿಸಿಬಿಟ್ಟಿತು: ಇಷ್ಟಕ್ಕಿಂತ ಜಾಸ್ತಿ ಪಾರ್ಕಿಂಗ್ ಕಟ್ಟಬಾರದು ಅಂತ. ಅದನ್ನು ‘ಗರಿಷ್ಠ ಪಾರ್ಕಿಂಗ್’ ಅಂತ ಬರೆದರೆ ಅಲ್ಲಿ ಕಾರಿನವರಿಗೆ ಸುಗ್ಗಿ ಅಂದುಕೊಳ್ಳುತ್ತಾರೆ, ಅಲ್ವಾ?

ಬೋರ್ಡುಗಳಲ್ಲಿರುವ ‘ವಾಹನ ನಿಲುಗಡೆ’ ನನಗೆ ಒಗ್ಗುವುದಿಲ್ಲ. ನಿಲುಗಡೆ ಅಂದರೆ ರೈಲು ಎರಡು ನಿಮಿಷ ನಿಂತು ಹೊರಡುವುದು. ನಮ್ಮ ಗಲ್ಲಿಯ ಕಾರುಗಳು ವಾರವಾದರೂ ಕದಲುವುದಿಲ್ಲ, ಕವರ್ ಮೇಲೆ ಬೆಕ್ಕು ಮಲಗಿರುತ್ತದೆ. ಧಾರವಾಡದ ಕಡೆ ‘ಗಾಡಿ ಹಚ್ಚೋದು’ ಅನ್ನುತ್ತಾರೆ, ಮರಾಠಿಯ ‘ಗಾಡಿ ಲಾವಣೆ’ ಇದ್ದ ಹಾಗೆ. ಆದರೆ “ಕಾರು ಹಚ್ಚಿ ಬಂದೆ” ಅಂದರೆ ಮೈಸೂರಿನವರು ಗಾಬರಿಯಾಗಿ ನೀರು ತರಲು ಓಡಬಹುದು. ಸುಮ್ನೆ ‘ಪಾರ್ಕಿಂಗ್’ ಅಂತಲೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ತೊಡಕು ‘ಗ್ಯಾರೇಜ್’. ನಮಗೆ ಅದು ರಿಪೇರಿ ಅಂಗಡಿ. ಆದರೆ ಮುಂಬೈನ ದಹಿಸರ್‌ನ ಒಂದು ಹೌಸಿಂಗ್ ಸೊಸೈಟಿಯ (ಫ್ಲ್ಯಾಟಿನವರ ಸಂಘದ) ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಈ ಪದದ ಅರ್ಥಕ್ಕೇ ದೊಡ್ಡ ಜಗ್ಗಾಟ. ಮಹಾರಾಷ್ಟ್ರದ 1963ರ ಫ್ಲ್ಯಾಟ್ ಕಾಯ್ದೆಯ ಪ್ರಕಾರ ‘ಫ್ಲ್ಯಾಟ್’ ಅನ್ನುವುದರಲ್ಲಿ ಗ್ಯಾರೇಜೂ, ಅಂದರೆ ಕಾರು ನಿಲ್ಲಿಸಲು ಗೋಡೆ, ಮಾಡು ಹಾಕಿದ ಜಾಗವೂ, ಸೇರುತ್ತದೆ. ಆದರೆ ಬಿಲ್ಡಿಂಗಿನ ಕೆಳಗೆ ಕಂಬಗಳ ನಡುವೆ ಇರುವ ಸ್ಟಿಲ್ಟ್ ಪಾರ್ಕಿಂಗ್ ಗ್ಯಾರೇಜ್ ಅಲ್ಲ, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ ಜಾಗ ಎಂದಿತು ಕೋರ್ಟು. ಇದನ್ನು ಬರೆಯುವಾಗ ‘ಗ್ಯಾರೇಜ್’ ಬಿಟ್ಟು ‘ಕಾರ್ ಶೆಡ್ಡು’ ಅನ್ನಲೇ? ಊರ ಕಡೆ ಹಳೇ ಮನೆಗಳಲ್ಲಿ ಹಾಗೇ ಅನ್ನುತ್ತಿದ್ದೆವು. ಗೋಡೆ, ಮಾಡು ಎರಡೂ ಕಣ್ಣಿಗೆ ಬರುತ್ತವೆ. ಕಾನೂನು ಬಲ್ಲವರು ಒಪ್ಪುತ್ತೀರಾ?

ಮೊದಲಿನದಕ್ಕೆ ಸದ್ಯ ‘ಬಿಡಲೇಬೇಕಾದ ಪಾರ್ಕಿಂಗ್’, ಮೆಕ್ಸಿಕೊದ್ದಕ್ಕೆ ‘ಮೀರಬಾರದ ಪಾರ್ಕಿಂಗ್’ ಅಂತ ಗುರುತು ಹಾಕಿಕೊಂಡಿದ್ದೇನೆ. ಅರ್ಥ ಸರಿ ಇದೆ, ತಲೆಬರಹಕ್ಕೆ ಉದ್ದ. ಇನ್ನೂ ಚಿಕ್ಕದು ಹೊಳೆದರೆ ದಯವಿಟ್ಟು ತಿಳಿಸಿ. ಮುಂಬೈನವರು ನಿಮ್ಮ ಸೊಸೈಟಿ ಮೀಟಿಂಗಿನಲ್ಲಿ ಕನ್ನಡದವರ ನಡುವೆ ಏನನ್ನುತ್ತೀರಿ ಅನ್ನುವುದನ್ನೂ ಬರೆಯಿರಿ.