ತ್ರಿವಳಿಗಳ ಮನೆಗೆ ಕ್ಯಾಮೆರಾ ಬರುವುದಕ್ಕೆ ಒಪ್ಪಬಹುದೇ? ಅನುಭವವಿದ್ದವರು ತಿಳಿಸಿ

ನಮ್ಮ ತ್ರಿವಳಿಗಳಿಗೆ ಇನ್ನೂ ವರ್ಷ ತುಂಬಿಲ್ಲ. ನಮ್ಮ ದಿನಚರಿಯನ್ನು ರಿಯಾಲಿಟಿ ಶೋ ಮಾಡುತ್ತೇವೆ ಎಂದು ಒಂದು ನಿರ್ಮಾಣ ಸಂಸ್ಥೆಯವರು ಕೇಳುತ್ತಿದ್ದಾರೆ. ಹಣದ ಅಗತ್ಯ ಖಂಡಿತ ಇದೆ. ಬಸುರಿಯಾಗಿದ್ದಾಗ ಇಂತಹ ಕಾರ್ಯಕ್ರಮಗಳನ್ನು ನೋಡಿಯೇ ಧೈರ್ಯ ತಂದುಕೊಂಡವಳು ನಾನು. ಒಪ್ಪಲೇ, ಬೇಡವೇ?

ಒಬ್ಬ ತಾಯಿಯ ಉತ್ತರ:
ನನಗೂ ಮೂವರು. ಅವರು ಕೂಸುಗಳಾಗಿದ್ದಾಗ ಒಂದು ವಾಹಿನಿಯ ತಂಡ ಕೆಲವು ದಿನ ನಮ್ಮ ಮನೆಯಲ್ಲಿತ್ತು. ಎಲ್ಲರೂ ಸಜ್ಜನರೇ. ಆದರೂ ಅವರಿಗೆ ಬೇಕಾದದ್ದು ಒಂದು, ಕೂಸಿಗೆ ಬೇಕಾದದ್ದು ಇನ್ನೊಂದು. ಒಂದು ಸಂಜೆ ಇಬ್ಬರು ಅಳುತ್ತಿದ್ದರು, ಮೂರನೆಯವಳಿಗೆ ಆಗತಾನೇ ಜೋಂಪು ಹತ್ತಿತ್ತು. ಮೂವರೂ ಒಟ್ಟಿಗೆ ಅಳುವ ದೃಶ್ಯ ಸಿಗಲಿ ಎಂದು ಅವಳ ತೊಟ್ಟಿಲ ಮೇಲೆ ದೀಪ ಹಿಡಿದು ಕಾಯುತ್ತಿದ್ದರು. ಆರಿಸಿ ಎಂದೆ, ಆರಿಸಿದರು. ನಾನು ಅಲ್ಲಿ ಇರದಿದ್ದರೆ ಆ ದೀಪ ಉರಿಯುತ್ತಲೇ ಇರುತ್ತಿತ್ತು. ಸ್ನಾನ, ಬಟ್ಟೆ ಬದಲಿಸುವುದು, ವೈದ್ಯರ ಭೇಟಿ, ಇವುಗಳ ಹತ್ತಿರ ಕ್ಯಾಮೆರಾ ಸುಳಿಯಕೂಡದೆಂದು ನಾವು ಮೊದಲೇ ಬರೆಸಿಕೊಂಡಿದ್ದೆವು. ನೀವೂ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಆ ಕಾರ್ಯಕ್ರಮಗಳಿಂದ ಧೈರ್ಯ ಬಂತು ಎಂದಿರಿ, ಸಂತೋಷ. ಆದರೆ ನವಜಾತ ಕೂಸಿಗೆ ಮೂರು ಗಂಟೆಗೊಮ್ಮೆ ಹಾಲೆಂದರೆ ಮೂವರಿಗೆ ದಿನಕ್ಕೆ 24 ಸಲ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಉಳಿಯುವ ಸಮಯದಲ್ಲಿ ಅದರಲ್ಲಿ ಒಂದು ಸಲದ ಗಲಾಟೆ ಕಂಡರೆ ಹೆಚ್ಚು. ತೇಗಿಸುವುದು, ಯಾರು ಎಷ್ಟು ಕುಡಿದರೆಂದು ಗೋಡೆಯ ಹಾಳೆಯಲ್ಲಿ ಗುರುತು ಹಾಕುವುದು, ನಿದ್ದೆಗಣ್ಣಿನಲ್ಲಿ ಒಬ್ಬಳ ಗುರುತನ್ನು ಇನ್ನೊಬ್ಬಳ ಸಾಲಿಗೆ ಹಾಕಿ ತಲೆ ಚಚ್ಚಿಕೊಳ್ಳುವುದು, ಎಲ್ಲವೂ ಸಂಪಾದಕರ ಕತ್ತರಿಗೆ ಹೋಗುತ್ತವೆ.

ಅವಳಿಗಳ ತಂದೆಯೊಬ್ಬರ ಉತ್ತರ:
ಸಹಿ ಹಾಕುವ ಮೊದಲು ಅಮೆರಿಕದ ಗಾಸ್ಲಿನ್ ಕುಟುಂಬಕ್ಕೆ ಏನಾಯಿತು ಎಂದು ನೋಡಿ. 2000ರಲ್ಲಿ ಅವಳಿಗಳು, 2004ರಲ್ಲಿ ಒಂದೇ ಹೆರಿಗೆಯಲ್ಲಿ ಆರು ಮಕ್ಕಳು. ಅವರ ಮನೆಯ ದಿನಚರಿ ತೋರಿಸುವ ರಿಯಾಲಿಟಿ ಶೋ ‘ಜಾನ್ ಆಂಡ್ ಕೇಟ್ ಪ್ಲಸ್ 8’ 2007ರಲ್ಲಿ ಸರಣಿಯಾಯಿತು. 2009ರಲ್ಲಿ ತಂದೆ ತಾಯಿ ಬೇರೆಯಾಗುತ್ತಿರುವ ಸುದ್ದಿಯೂ ಅದೇ ಕಾರ್ಯಕ್ರಮದ ಒಂದು ಕಂತಾಯಿತು. ಮಕ್ಕಳು ಮಾಡುತ್ತಿರುವುದು ಕೆಲಸವೇ, ಬರೀ ಬದುಕೇ ಎಂಬ ಪ್ರಶ್ನೆ ಆಗಲೇ ಎದ್ದಿತು. ಅವರಿದ್ದ ಪೆನ್ಸಿಲ್ವೇನಿಯಾ ರಾಜ್ಯ 2012ರಲ್ಲಿ ಬಾಲಕಾರ್ಮಿಕ ಕಾನೂನನ್ನು ಬದಲಿಸಿ ರಿಯಾಲಿಟಿ ಕಾರ್ಯಕ್ರಮಗಳ ಮಕ್ಕಳನ್ನೂ ಅದರೊಳಗೆ ತಂದಿತು. ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯ ಶೇ 15ರಷ್ಟನ್ನು ಅವರ ಹೆಸರಿನಲ್ಲೇ ಕೂಡಿಡಬೇಕು. ನಿಮ್ಮಲ್ಲಿ ಕಾನೂನು ಕೇಳಲಿ, ಬಿಡಲಿ, ಮೂವರಿಗೂ ಬೇರೆ ಬೇರೆ ಖಾತೆ ತೆರೆಯಿರಿ. ಒಪ್ಪಂದದಲ್ಲಿ ‘ಶಾಶ್ವತವಾಗಿ, ಎಲ್ಲ ಮಾಧ್ಯಮಗಳಲ್ಲಿ’ ಎಂಬಂತಹ ಸಾಲು ಇದೆಯೇ ಎಂದೂ ಹುಡುಕಿ. ಮಕ್ಕಳು ಹೈಸ್ಕೂಲಿಗೆ ಹೋಗುವಾಗಲೂ ಆ ದೃಶ್ಯಗಳು ಸಹಪಾಠಿಗಳ ಮೊಬೈಲಿನಲ್ಲಿರುತ್ತವೆ.

ಇನ್ನೊಬ್ಬರು:
ನನ್ನ ಮಟ್ಟಿಗೆ ಬೇಡ. ಕೆನಡಾದ ಡಿಯೋನ್ ಸಹೋದರಿಯರು 1934ರಲ್ಲಿ ಒಂದೇ ಹೆರಿಗೆಯಲ್ಲಿ ಹುಟ್ಟಿದ ಐವರು. ಅಲ್ಲಿನ ಒಂಟಾರಿಯೊ ಪ್ರಾಂತ್ಯದ ಸರ್ಕಾರ ಅವರನ್ನು ಹೆತ್ತವರಿಂದ ಬೇರ್ಪಡಿಸಿ, ಅವರು ಆಡುವುದನ್ನು ಜನ ಬಂದು ನೋಡುವಂತೆ ಮಾಡಿತು. ಸುಮಾರು 30 ಲಕ್ಷ ಮಂದಿ ನೋಡಿದರು. ಬದುಕುಳಿದ ಮೂವರು 1997ರಲ್ಲಿ, ಅಮೆರಿಕದ ಅಯೋವಾದಲ್ಲಿ ಒಂದೇ ಹೆರಿಗೆಯಲ್ಲಿ ಏಳು ಮಕ್ಕಳನ್ನು ಹೆತ್ತ ದಂಪತಿಗೆ ಬಹಿರಂಗ ಪತ್ರ ಬರೆದು, ಮಕ್ಕಳನ್ನು ಮನರಂಜನೆಯ ವಸ್ತುವಾಗಿಸಬೇಡಿ ಎಂದು ಬೇಡಿಕೊಂಡರು. ಅಲ್ಲಿ ಮಾಡಿದ್ದು ಸರ್ಕಾರ. ಇಲ್ಲಿ ಸಹಿ ನಿಮ್ಮದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಕರಡು ತೆಗೆದು ನೋಡಿದೆವು, ‘ಶಾಶ್ವತವಾಗಿ’ ಎಂಬ ಸಾಲು ಅದರಲ್ಲಿ ಇದೆ. ವಕೀಲರೊಬ್ಬರಿಗೆ ಕೊಟ್ಟಿದ್ದೇವೆ. ಆ ಸಾಲನ್ನು ಸಂಸ್ಥೆಯವರು ತೆಗೆಯದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತೆಂದು ನಾನೂ ಯಜಮಾನರೂ ತೀರ್ಮಾನಿಸಿದ್ದೇವೆ.