ನಿಂಬೆ ಸಾಲಿನ ನಡುವೆ ಹುರುಳಿ ಬಿತ್ತಿದರೆ ಕರಕಿ ಅಡಗುತ್ತಾ?

ಇಂಡಿ ನಿಂಬೆ ತೋಟ:
ಎಲ್ಲರಿಗೂ ನಮಸ್ಕಾರ. ಇಂಡಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ನಿಂಬೆ. 20 ಅಡಿಗೊಂದು ಗಿಡ, ಆರು ವರ್ಷದವು. ಕಸದ ಎಣ್ಣೆ (ಕಳೆನಾಶಕ) ಹೊಡೆಯುವುದು ಬಿಟ್ಟು ಎರಡು ವರ್ಷ ಆಯ್ತು. ಹೋದ ಮಳೆಗಾಲದಲ್ಲಿ ನಾಲ್ಕು ಸಲ ಆಳು ಹಚ್ಚಿದೆ. ಕರಕಿ (ಗರಿಕೆ ಹುಲ್ಲು), ಜೇಕು (ಗಡ್ಡೆಯಿಂದ ಚಿಗುರುವ ಕಸ), ಕಾಂಗ್ರೆಸ್ ಕಸ, ಮೂರೂ ಇವೆ. ಬೇಸತ್ತು ಕುಂಟೆ ಹೊಡೆಸಿದೆವು. ನಿಂಬೆಯ ಸಣ್ಣ ಬೇರು ಮೇಲೆಯೇ ಇರುತ್ತವಲ್ಲ, ಕಿತ್ತು ಬಂದವು. ಒಂದು ಸಾಲು ಪೂರ್ತಿ ಹಳದಿ ತಿರುಗಿತು.

ಈ ಸಲ ಜೂನ್‌ನಲ್ಲಿ ಒಂದು ಎಕರೆಗೆ ಎಂಟು ಕೆಜಿ ಹುರುಳಿ ಚೆಲ್ಲಿದೆ. ಒಂದು ಕಡೆ ಚೆನ್ನಾಗಿ ಹಬ್ಬಿದೆ, ಅಲ್ಲಿ ನೆಲವೇ ಕಾಣುವುದಿಲ್ಲ. ಉಳಿದ ಕಡೆ ಹುರುಳಿಗಿಂತ ಕರಕಿಯೇ ಜೋರು. ನಮ್ಮ ಅತ್ತೆ "ಕಸ ತೆಗಿ ಅಂದ್ರ ಇನ್ನೊಂದು ಕಸ ಬಿತ್ಯಾಳ" ಅಂತ ನಗುತ್ತಾರೆ. ಎಲ್ಲಿ ತಪ್ಪಿದೆ? ಇದು ನಿಂಬೆಯ ನೀರನ್ನೂ ಕುಡಿಯುತ್ತೆ, ಅಲ್ವಾ?

ಬಾಗಲಕೋಟೆ ದಾಳಿಂಬೆ:
ಅಕ್ಕಾರೆ, ಚೆಲ್ಲುವ ಮೊದಲು ಕರಕಿ ಬೇರು ಆರಿಸಿದ್ದಿರಾ? ಎದ್ದು ನಿಂತ ಕಸದ ಮೇಲೆ ಸುಮ್ನೆ ಚೆಲ್ಲಿದರೆ ಹುರುಳಿ ಸೋಲುತ್ತೆ. ಕರಕಿಗೂ ಜೇಕಿಗೂ ನೆರಳು ಆಗಿಬರಲ್ಲ, ಅಷ್ಟೇ ನಮ್ಮ ಆಸರೆ. ಜೇಕಿನ ಗಡ್ಡೆ ಮಾತ್ರ ಸಾಯಲ್ಲ, ಸೊರಗುತ್ತೆ. ಬಿಸಿಲು ಬಿದ್ದರೆ ಮತ್ತೆ ಏಳುತ್ತೆ. ಎಂಟು ಕೆಜಿ ಕಡಿಮೆ ಆಯ್ತು. ನಾನು ದುಪ್ಪಟ್ಟು ಹಾಕುತ್ತೇನೆ. ಅಲಸಂದಿ ಇನ್ನೂ ಬೇಗ ಮುಚ್ಚುತ್ತೆ, ಆದರೆ ಅದಕ್ಕೆ ಸಸ್ಯಹೇನಿನ ಕಾಟ. ಯಾರಾದರೂ ನಸುಗುನ್ನಿ ಹಾಕಿ ಅಂದರೆ ಕೇಳಬೇಡಿ, ಗಿಡವನ್ನೇ ಏರಿ ಕೂರುತ್ತೆ.

ತಿಕೋಟಾದ ಕಾಕಾ:
ಕುಡಿಯದೆ ಬಿಡುತ್ತಾ ತಂಗಿ! ನಮ್ಮ ಜಿಲ್ಲೆಗೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಅದಕ್ಕೇ ಹಸಿರು ಹೊದಿಕೆ ಮಳೆಗಾಲಕ್ಕೆ ಮಾತ್ರ. ಹುರುಳಿಯನ್ನು ಮುಂಗಾರಿಗೇ ಬಿತ್ತಿದರೆ ಬರೀ ಬಳ್ಳಿ, ಹಗಲು ಗಿಡ್ಡ ಆಗುವ ತನಕ ಹೂವಿನ ನೆನಪೇ ಇರಲ್ಲ. ಕಾಳಿಗೆ ಅದು ನಷ್ಟ, ನಿಮಗೆ ಲಾಭ. ಆದ್ದರಿಂದ ಹೂವಿಗೆ ಕಾಯಬೇಡಿ. ಮಳೆ ಹಿಂದೆ ಸರಿದ ಕೂಡಲೇ ಕುಡಗೋಲಿನಿಂದ ಕೊಯ್ದು ಅಲ್ಲೇ ಹಾಸಿ. ಕೀಳಬೇಡಿ, ಬೇರು ನೆಲದಲ್ಲೇ ಇರಲಿ. ಆಮೇಲೆ ಒಣ ಹೊದಿಕೆಯೇ ತೇವ ಕಾಯುತ್ತೆ. ಇನ್ನೊಂದು ಮಾತು. ಬುಡದ ಸುತ್ತ ಎರಡು ಅಡಿ ಬಯಲಿರಲಿ. ಹಸಿ ಸೊಪ್ಪು ಕಾಂಡಕ್ಕೆ ತಾಗಿ ಕೂತರೆ ತೊಗಟೆ ಕೊಳೆತು ಅಂಟು ಸೋರುತ್ತೆ. ನಿಂಬೆಗೆ ಅದು ಕಸಕ್ಕಿಂತ ಕೆಟ್ಟದ್ದು.

ಇಂಡಿ ನಿಂಬೆ ತೋಟ:
ಈಗ ಹೊಳೆಯಿತು. ಚೆನ್ನಾಗಿ ಹಬ್ಬಿದ ಜಾಗ ನಾವು ಖುರ್ಪಿ ಹಿಡಿದು ಕರಕಿ ತೆಗೆದಿದ್ದ ಆರು ಸಾಲು. ಅಷ್ಟರಲ್ಲಿ ಮಳೆ ಹಿಡಿಯಿತು. ಉಳಿದದ್ದರಲ್ಲಿ ಹಾಗೇ ಚೆಲ್ಲಿ ಮನೆಗೆ ಬಂದಿದ್ದೆವು. ಬುಡ ಇವತ್ತೇ ಬಿಡಿಸುತ್ತೇನೆ. ಕೊಯ್ದು ಹಾಸುವಷ್ಟು ಉಳಿಯುತ್ತೋ ಇಲ್ಲವೋ ನೋಡಬೇಕು. ನಗುತ್ತಿದ್ದ ಅತ್ತೆ ನಿನ್ನೆ ಅದೇ ಆರು ಸಾಲಿನಿಂದ ಎಮ್ಮೆಗೆ ಎರಡು ಹೊರೆ ತಂದಿದ್ದಾರೆ.