ಕುಡಿದು ಗಾಡಿ ಓಡಿಸಿದ ಕೇಸು, ಅದೂ ಮೊದಲ ಸಲ: ವಕೀಲರನ್ನು ಕೇಳಿ

ಅಡ್ಮಿನ್: ಚಿಕ್ಕಮಗಳೂರು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಹೆಸರು, ಗಾಡಿ ನಂಬರ್ ಹಾಕಬೇಡಿ.

ಕಡೂರು ಸದಸ್ಯ: ನಮಸ್ಕಾರ ಮೇಡಂ. ನಿನ್ನೆ ರಾತ್ರಿ ಬೈಕಿನಲ್ಲಿ ಸಿಕ್ಕಿಬಿದ್ದೆ. ಸ್ಟೇಷನ್ನಿನಲ್ಲೇ ದಂಡ ಕಟ್ಟಿ ಮುಗಿಸಬಹುದಾ?

ವಕೀಲೆ: ನಮಸ್ಕಾರ. ಆಗುವುದಿಲ್ಲ. ಇದು ಮೋಟಾರು ವಾಹನ ಕಾಯ್ದೆಯ 185ನೇ ಕಲಂ. ಹೆಲ್ಮೆಟ್ ದಂಡದ ಹಾಗೆ ರಸ್ತೆಯಲ್ಲಿ ಕಟ್ಟಿ ಹೋಗುವಂಥದ್ದಲ್ಲ, ಕೋರ್ಟಿಗೇ ಹೋಗಬೇಕು. 100 ಮಿ.ಲೀ. ರಕ್ತಕ್ಕೆ ಆಲ್ಕೋಹಾಲ್ 30 ಮಿ.ಗ್ರಾಂ ಮೀರಿದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲ 2 ವರ್ಷದವರೆಗೆ, 15,000. ರಸ್ತೆಯಲ್ಲೇ ಯಾರಾದರೂ ದುಡ್ಡು ಕೇಳಿದರೆ ಅದು ದಂಡ ಅಲ್ಲ ಅಂತ ತಿಳಿಯಿರಿ.

ಆಲ್ದೂರು ಸದಸ್ಯೆ: ಮೇಡಂ, ನನ್ನ ತಮ್ಮ ಪ್ರವಾಸಿಗರನ್ನು ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗುವ ಜೀಪ್ ಓಡಿಸುತ್ತಾನೆ. ಬೀಗರೂಟದಲ್ಲಿ ರಾತ್ರಿ 1 ಗಂಟೆವರೆಗೆ ಕುಡಿದಿದ್ದ. ಬೆಳಿಗ್ಗೆ 7ಕ್ಕೆ ಕೈಮರದ ಹತ್ತಿರ ಊದಿಸಿದರು, 41 ಬಂತು. ಆದರೆ ಮೆಷಿನ್ ಚೀಟಿಯಲ್ಲಿ ರಾತ್ರಿ 9.40 ಅಂತ ಇದೆ. ಅವನು ಕೆಎಸ್‌ಆರ್‌ಟಿಸಿ ಚಾಲಕ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. "ತಪ್ಪಾಯ್ತು ಅಂತ ಒಪ್ಪಿಕೋ, ಒಂದೇ ದಿನಕ್ಕೆ ಮುಗಿಯುತ್ತೆ" ಅಂತ ಎಲ್ಲರೂ ಹೇಳುತ್ತಿದ್ದಾರೆ.

ವಕೀಲೆ: ಒಪ್ಪಿಕೊಳ್ಳಲು ಅವಸರ ಬೇಡ ತಂಗಿ. ಈ ಕೇಸಿಗೆ ನಾನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಕಹಿ ಮಾತು. ಈ ಲೆಕ್ಕವನ್ನು (100 ಮಿ.ಲೀ. ರಕ್ತಕ್ಕೆ) ದೇಹ ಗಂಟೆಗೆ ಸುಮಾರು 15 ಮಿ.ಗ್ರಾಂ ಮಾತ್ರ ಇಳಿಸುತ್ತದೆ. 6 ಗಂಟೆಗೆ 90. ಬೆಳಿಗ್ಗೆ 41 ಇದ್ದರೆ ರಾತ್ರಿ 130ರ ಹತ್ತಿರ ಇದ್ದಿರಬೇಕು. ಮಲಗಿ ಎದ್ದ ಮಾತ್ರಕ್ಕೆ ಇಳಿಯುವುದಿಲ್ಲ. ಆ ಜೀಪಿನಲ್ಲಿ ಬೆಟ್ಟದ ತಿರುವಿಗೆ ಪ್ರವಾಸಿಗರು ಕೂರುತ್ತಿದ್ದರು. ಇದನ್ನು ತಮ್ಮನಿಗೆ ಕೂರಿಸಿಕೊಂಡು ಹೇಳಿ.

ಇನ್ನು ಚೀಟಿ. ಬೆಳಿಗ್ಗೆ ಊದಿದ್ದಕ್ಕೆ ರಾತ್ರಿಯ ಸಮಯ ಹೇಗೆ ಬಂತು? ಗಡಿಯಾರ ತಪ್ಪಿರಬಹುದು. ಬೇರೆಯವರ ಚೀಟಿಯೇ ಇವನ ಫೈಲಿಗೆ ಸೇರಿರಲೂಬಹುದು. ಎರಡಕ್ಕೂ ಅರ್ಥ ಬೇರೆ. ಗಡಿಯಾರದ ತಪ್ಪೊಂದರಿಂದಲೇ ಕೇಸು ಬಿದ್ದುಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಪೊಲೀಸರು ಕೋರ್ಟಿಗೆ ಕೊಟ್ಟ ದಾಖಲೆಗಳ ನಕಲು ಪಡೆಯಿರಿ. ಚೀಟಿಯಲ್ಲಿ ಇವನ ಹೆಸರು, ಗಾಡಿ ನಂಬರ್, ಸಹಿ ಇದೆಯಾ? ಮೆಷಿನ್ ನಂಬರ್ ಯಾವುದು, ಅದನ್ನು ಕೊನೆಗೆ ಪರೀಕ್ಷೆ ಮಾಡಿ ಸರಿಪಡಿಸಿದ್ದು ಯಾವಾಗ? ರಕ್ತ ತೆಗೆದರಾ? ಅರೆಸ್ಟ್ ಮಾಡಿದ್ದರೆ 2 ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ಬಿಡಬೇಕು ಅಂದರೆ ಕೇಸು ರದ್ದು ಅಂತಲ್ಲ.

ಇದೆಲ್ಲ ನೋಡಿದ ಮೇಲೂ ಕೇಸು ಗಟ್ಟಿ ಇದ್ದರೆ ಒಪ್ಪಿಕೊಳ್ಳುವುದೂ ಒಂದು ದಾರಿ. ಮೊದಲ ಸಲ, ಯಾರಿಗೂ ಪೆಟ್ಟಾಗಿಲ್ಲ ಅಂತ ಹೇಳಿ ದಂಡಕ್ಕೇ ನಿಲ್ಲಿಸಲು ಕೇಳಬಹುದು. ಆದರೆ ಒಪ್ಪಿಕೊಂಡರೆ ಅದು ಶಿಕ್ಷೆಯಾಗಿಯೇ ದಾಖಲಾಗುತ್ತದೆ. ಡಿಎಲ್ ವಿಷಯ ಬೇರೆ. ಆರ್‌ಟಿಒ ನೋಟಿಸ್ ಕೊಟ್ಟರೆ ಅದಕ್ಕೂ ಬರೆದು ಉತ್ತರ ಕೊಡಬೇಕು. ಅಮಾನತು ಆದರೆ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು.

ಮೂಡಿಗೆರೆ ಸದಸ್ಯ: ನಾನೂ ಮೊದಲ ಸಲ ಸಿಕ್ಕಿಬಿದ್ದಿದ್ದೇನೆ. ಸ್ಟೇಷನ್ನಿನಲ್ಲೇ ಕಟ್ಟಬಹುದಾ?

ವಕೀಲೆ: ಮೇಲೆ ಹೇಳಿದ್ದೇನೆ. ಇಲ್ಲ.

ತರೀಕೆರೆ ಸದಸ್ಯ: ಫಾರ್ವರ್ಡ್ ಬಂದಿದೆ: "ಏಲಕ್ಕಿ ಅಗಿದು ಮಜ್ಜಿಗೆ ಕುಡಿದರೆ ಮೆಷಿನ್ ತೋರಿಸಲ್ಲ. ಊದಲ್ಲ ಅಂದರೆ ಪೊಲೀಸರು ಏನೂ ಮಾಡುವಂತಿಲ್ಲ."

ವಕೀಲೆ: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಮೆಷಿನ್ ಅಳೆಯುವುದು ಶ್ವಾಸಕೋಶದಿಂದ ಬರುವ ಗಾಳಿಯನ್ನು. ಏಲಕ್ಕಿ ಹೋಗಿ ಅಲ್ಲಿ ಏನು ಮಾಡುತ್ತದೆ? ಊದಲ್ಲ ಅಂದರೆ, ಕುಡಿದ ಅನುಮಾನ ಇದ್ದಾಗ 203ನೇ ಕಲಂ ಪ್ರಕಾರ ವಾರಂಟ್ ಇಲ್ಲದೆ ಅರೆಸ್ಟ್ ಮಾಡಬಹುದು. ಸಕಾರಣ ಇಲ್ಲದ ನಿರಾಕರಣೆಯನ್ನು ನಿಮ್ಮ ವಿರುದ್ಧವೇ ಬಳಸಬಹುದು. ಈ ಮೆಸೇಜ್ ನಂಬಿ ಸ್ಟೇಷನ್ನಿನಲ್ಲಿ ರಾತ್ರಿ ಕಳೆದವರ ಮನೆಯವರು ನನಗೆ ಫೋನ್ ಮಾಡುತ್ತಾರೆ.

ತರೀಕೆರೆ ಸದಸ್ಯ: ಸಿಟ್ಟು ಯಾಕೆ ಮೇಡಂ, ಬಂದಿದ್ದನ್ನು ಹಾಕಿದೆ ಅಷ್ಟೇ.

ಕೊಪ್ಪದ ಸದಸ್ಯ: ಮೌತ್‌ವಾಶ್, ಕೆಮ್ಮಿನ ಸಿರಪ್‌ನಿಂದಲೂ ತೋರಿಸುತ್ತಲ್ವಾ?

ವಕೀಲೆ: ಬಾಯಲ್ಲಿ ಉಳಿದದ್ದು ತೋರಿಸಬಹುದು. 15 ನಿಮಿಷದಲ್ಲಿ ಹೋಗುತ್ತದೆ. ನೀರಲ್ಲಿ ಬಾಯಿ ಮುಕ್ಕಳಿಸಿ, ಮತ್ತೆ ಊದಿಸಿ ಅಂತ ಅಲ್ಲೇ ಕೇಳಿ. ರಕ್ತ ಪರೀಕ್ಷೆಯನ್ನೂ ಕೇಳಿ.

ಜೀಪ್ ಮಾಲೀಕ, ಅತ್ತಿಗುಂಡಿ: ಬೆಂಗಳೂರು ಕಾರುಗಳು ವಾರಾಂತ್ಯದಲ್ಲಿ ಬಾಟಲಿ ಹಿಡಿದುಕೊಂಡೇ ಬೆಟ್ಟ ಹತ್ತುತ್ತವೆ. ಅವರನ್ನು ಬಿಟ್ಟು ನಮ್ಮ ಹುಡುಗರನ್ನು ಹಿಡಿಯುತ್ತಾರೆ.

ಹೋಂಸ್ಟೇ ನಡೆಸುವವರು: ನಿಮ್ಮ ಹುಡುಗರು ಸಾಚಾನಾ? ನಮ್ಮ ಗೆಸ್ಟ್‌ಗಳು ಜೀಪ್ ಹತ್ತಲು ಹೆದರುತ್ತಾರೆ.

ಜೀಪ್ ಮಾಲೀಕ: ಎಣ್ಣೆ ತರಿಸಿಕೊಡುವವರು ಯಾರು ಸ್ವಾಮಿ? ನೀವೇ ಅಲ್ವಾ?

ಹೋಂಸ್ಟೇ ನಡೆಸುವವರು: ಮಾತು ನೋಡಿಕೊಂಡು ಆಡಿ.

ಮಲ್ಲಂದೂರು ಸದಸ್ಯೆ: ಇಬ್ಬರೂ ನಿಲ್ಲಿಸಿ. ನಮ್ಮ ಯಜಮಾನರು ಆಕ್ಸಿಡೆಂಟ್ ಮಾಡಿಕೊಂಡಿದ್ದಾರೆ. ಕುಡಿದಿದ್ದರು. ಇನ್ಶೂರೆನ್ಸ್ ಸಿಗುತ್ತದಾ?

ಜೀಪ್ ಮಾಲೀಕ: ಸತ್ಯ ಹೇಳಿದರೆ ಉರಿ.

ಅಡ್ಮಿನ್: ಇನ್ನೊಂದು ಸಲ ಜಗಳ ಆದರೆ ಇಬ್ಬರನ್ನೂ ತೆಗೆಯುತ್ತೇನೆ.

ವಕೀಲೆ: ಅಮ್ಮಾ, ಕುಡಿದು ಓಡಿಸಿದ್ದರೆ ನಿಮ್ಮ ಗಾಡಿ ರಿಪೇರಿ ಹಣವನ್ನು ಕಂಪನಿ ನಿರಾಕರಿಸಬಹುದು. ಎದುರಿನವರಿಗೆ ಪರಿಹಾರ ಕೊಟ್ಟರೂ ನಿಮ್ಮಿಂದ ವಸೂಲಿಗೆ ಬರಬಹುದು. ಯಾರಾದರೂ ಸತ್ತಿದ್ದರೆ 185 ಚಿಕ್ಕದು, ಭಾರತೀಯ ನ್ಯಾಯ ಸಂಹಿತೆಯ 106 ಬರುತ್ತದೆ, 5 ವರ್ಷದವರೆಗೆ ಜೈಲು. ಪೆಟ್ಟಾದವರು ಹೇಗಿದ್ದಾರೆ ಅಂತ ನೀವು ಬರೆದಿಲ್ಲ. ನಾಳೆಯೇ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳ ಕೇಸಿಗೆ, ಆದಾಯ ಕಡಿಮೆ ಇರುವವರಿಗೆ ಉಚಿತ ವಕೀಲರನ್ನು ಕೊಡುತ್ತಾರೆ. ಯಜಮಾನರಿಗೆ ಅರ್ಹತೆ ಇದೆಯಾ ಅಂತ ಅಲ್ಲೇ ನೋಡಿ ಹೇಳುತ್ತಾರೆ.

ಬಾಳೆಹೊನ್ನೂರು ಸದಸ್ಯ: ತೋಟದೊಳಗಿನ ಸ್ವಂತ ರಸ್ತೆಯಲ್ಲಿ ಓಡಿಸಿದರೂ ಕೇಸು ಹಾಕಬಹುದಾ?

ಶೃಂಗೇರಿ ಸದಸ್ಯ: ಮೇಡಂ, ಸ್ಟೇಷನ್ನಿನಲ್ಲೇ ದುಡ್ಡು ಕಟ್ಟಿ...

ವಕೀಲೆ: ಮೇಲೆ ಓದಿ.

ಆಲ್ದೂರು ಸದಸ್ಯೆ: ಮೇಡಂ, ಕೆಲಸದ ಫಾರಂನಲ್ಲಿ ಕೇಸು ಬರೆಯದೆ ಬಿಟ್ಟರೆ? ಒಬ್ಬರು ಹಾಗೇ ಹೇಳಿದರು.

ವಕೀಲೆ: ಬೇಡ. ಫಾರಂನಲ್ಲಿ ಕೇಳಿದ್ದರೆ ಬರೆಯಲೇಬೇಕು. ಮುಚ್ಚಿಟ್ಟದ್ದೇ ಕೆಲಸ ಕಳೆಯಲು ಕಾರಣವಾಗಬಹುದು. ಅವತಾರ್ ಸಿಂಗ್ ಕೇಸಿನಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಮಾಹಿತಿ ನಿಜ ಇರಬೇಕು ಅಂತ ಸ್ಪಷ್ಟವಾಗಿ ಹೇಳಿದೆ. ನಿಜ ಬರೆದವರ ವಿಷಯವನ್ನು ಪರಿಗಣಿಸಲು ದಾರಿಯನ್ನೂ ಇಟ್ಟಿದೆ. ಇನ್ನೊಂದು, ಮೆಷಿನ್ ಚೀಟಿಯ ಅಕ್ಷರ ಬೇಗ ಅಳಿಸಿಹೋಗುತ್ತದೆ. ಇವತ್ತೇ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.